ಆಪರೇಷನ್ ಕೋಣೆಯ ಸೋಬಾನೆ

ಮೈಮೇಲೆ ದೇವರು ಬರುವುದನ್ನು ನಾನು ಯಾವತ್ತೂ ನಂಬಿದವಳಲ್ಲ. ನಂಬುವವರನ್ನು ಕಂಡರೆ ನಾಲ್ಕು ಮಾತು ಅನ್ನದೆ ಬಿಟ್ಟವಳೂ ಅಲ್ಲ. ಒಮ್ಮೆ ನಾಗಮಂಗಲದಲ್ಲಿ ಹೆಂಗಸೊಬ್ಬಳು ಆಪರೇಷನ್ ಮೇಜಿನ ಮೇಲೆ ಮಲಗಿದ ಕೂಡಲೇ ತಲೆ ಕೊಡವುತ್ತ, ‘ಮುಟ್ಬ್ಯಾಡಿ ನನ್ನ, ಅಮ್ಮ ಬಂದಿವ್ನಿ’ ಎಂದು ಕೂಗತೊಡಗಿದಳು. ನರ್ಸುಗಳು ಕೈಮುಗಿದು ಹಿಂದೆ ಸರಿದರು. ನಾನು ಸಿರಿಂಜು ಹಿಡಿದು ಮುಂದೆ ಹೋಗಿ, ‘ಅಮ್ಮನವರಿಗೂ ಇದು ಕೆಲಸ ಮಾಡುತ್ತೆ, ಕೈ ಸ್ವಲ್ಪ ಹಿಡ್ಕೊಳ್ಳಿ’ ಎಂದೆ. ಈ ಮಾತನ್ನು ಎಷ್ಟೋ ಮನೆಗಳ ಊಟದ ಹೊತ್ತಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಆದರೆ ಕೆ.ಆರ್. ಪೇಟೆಯ ಒಂದು ಮಧ್ಯಾಹ್ನದ ನಂತರ ಆ ಕಥೆಯನ್ನು ನಾನು ಎಲ್ಲಿಯೂ ಹೇಳಿಲ್ಲ. ಹೇಳಲು ಬಾಯಿ ಬರುವುದಿಲ್ಲ.

ನಾನು ಆಪರೇಷನ್ನಿಗೆ ಮುಂಚೆ ಮತ್ತು ಬರಿಸುವ ಡಾಕ್ಟರು. ಬೋರ್ಡಿನ ಮೇಲೆ ಅರಿವಳಿಕೆ ತಜ್ಞೆ ಎಂದು ಬರೆಯುತ್ತಾರೆ, ಜನ ‘ಮತ್ತು ಬರಿಸೋ ಡಾಕ್ಟ್ರಮ್ಮ’ ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಈ ಕೆಲಸಕ್ಕೆ ಜನ ತೀರಾ ಕಡಿಮೆ. ಹೊಟ್ಟೆ ಕೊಯ್ಯುವ ಡಾಕ್ಟರು ಪ್ರತಿ ತಾಲ್ಲೂಕಿಗೂ ಸಿಗುತ್ತಿದ್ದರು, ನಿದ್ದೆ ಬರಿಸುವವರು ಸಿಗುತ್ತಿರಲಿಲ್ಲ. ಹಾಗಾಗಿ ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಮನೆಗೆ ಬೆಳಗಾಗುತ್ತಲೇ ಫೋನು ಬರುತ್ತಿತ್ತು. ಇವತ್ತು ಪಾಂಡವಪುರ, ನಾಳೆ ನಾಗಮಂಗಲ, ಮತ್ತೊಂದು ದಿನ ಕೆ.ಆರ್. ಪೇಟೆ. ಮಾಸ್ಕು, ರಬ್ಬರ್ ಚೀಲ, ಈಥರ್ ಬಾಟಲಿ, ಸ್ಟೆತಾಸ್ಕೋಪುಗಳನ್ನು ಒಂದು ರೆಕ್ಸಿನ್ ಬ್ಯಾಗಿಗೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ. ಬ್ಯಾಗಿನಿಂದ ಈಥರ್ ವಾಸನೆ ಬರುತ್ತಿದ್ದುದರಿಂದ ಪಕ್ಕದ ಸೀಟು ಸಾಮಾನ್ಯವಾಗಿ ಖಾಲಿಯೇ ಇರುತ್ತಿತ್ತು, ಅದೊಂದು ಸುಖ.

ಈಗಿನ ಹಾಗೆ ಆಗ ನಮ್ಮ ಸಣ್ಣ ಊರುಗಳಲ್ಲಿ ರೋಗಿಯ ನಾಡಿಯನ್ನು ಟಿಕ್ ಟಿಕ್ ಎಂದು ಹೇಳುವ ಯಂತ್ರಗಳಿರಲಿಲ್ಲ. ನನ್ನ ಯಂತ್ರ ನನ್ನ ಕಿವಿಯೇ. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಪ್ಲಾಸ್ಟರಿನಿಂದ ರೋಗಿಯ ಎದೆಗೆ ಅಂಟಿಸಿ, ನಳಿಗೆಯ ತುದಿಯನ್ನು ಎಡಗಿವಿಗೆ ಸಿಕ್ಕಿಸಿಕೊಂಡು, ಆಪರೇಷನ್ ಮುಗಿಯುವವರೆಗೂ ಆ ಡಬ್ ಡಬ್ ಸದ್ದನ್ನೇ ಕೇಳುತ್ತ ತಲೆದೆಸೆಯಲ್ಲಿ ಕೂತಿರುತ್ತಿದ್ದೆ. ಆ ಸದ್ದು ಸ್ವಲ್ಪ ದೂರವಾದರೂ ನಾಡಿ ಹಿಡಿಯಲು ಕೈ ಚಾಚುತ್ತಿದ್ದೆ. ಇಂಥವಳಿಗೆ ಆಪರೇಷನ್ ಕೋಣೆಯಲ್ಲಿ ಹಾಡು ಹಾಕುವವರನ್ನು ಕಂಡರೆ ಹೇಗಾಗಬೇಡ?

ಕೆ.ಆರ್. ಪೇಟೆಯ ಡಾಕ್ಟರ್ ಬೋರೇಗೌಡರು ಹಾಡು ಹಾಕುವವರು. ಸಂತೆಬಾಚಹಳ್ಳಿ ಹೋಬಳಿಯ ಜಮೀನುದಾರರ ಮನೆಯ ಹುಡುಗ, ಓದಿ ಸರ್ಜನ್ ಆಗಿ, ಪೇಟೆಯಲ್ಲಿ ತಮ್ಮದೇ ಸಣ್ಣ ನರ್ಸಿಂಗ್ ಹೋಂ ಇಟ್ಟಿದ್ದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ದೊಡ್ಡ ಆಳು, ದಪ್ಪ ಬೆರಳು, ಆದರೆ ಆ ಬೆರಳು ಒಳಗೆ ಹೋದರೆ ಹೂ ಕಟ್ಟುವವರ ಬೆರಳಿನ ಹಾಗೆ ಓಡಾಡುತ್ತಿತ್ತು. ಅವರ ಥಿಯೇಟರಿನ ಕಿಟಕಿಕಟ್ಟೆಯ ಮೇಲೆ ಒಂದು ಟೇಪ್ ರೆಕಾರ್ಡರು, ಅದರೊಳಗೆ ಒಂದೇ ಒಂದು ಕ್ಯಾಸೆಟ್ಟು. ಸಿನಿಮಾದ್ದಲ್ಲ, ಅಂಗಡಿಯಲ್ಲಿ ಕೊಂಡದ್ದೂ ಅಲ್ಲ. ಅವರ ತಂಗಿ ಜಯಮ್ಮನ ಮದುವೆಯಲ್ಲಿ ಅವರ ತಾಯಿ ಚಪ್ಪರದ ಕೆಳಗೆ ಕೂತು ಹೇಳಿದ ಸೋಬಾನೆ ಪದಗಳನ್ನು ಯಾರೋ ರೆಕಾರ್ಡ್ ಮಾಡಿದ್ದರು. ಮಾರನೆಯ ವರ್ಷ ಆ ತಾಯಿ ತೀರಿಕೊಂಡಿದ್ದರು. ಆಕೆಯ ದನಿ ಅಂತ ಉಳಿದದ್ದು ಅದೊಂದೇ.

ಕ್ಯಾಸೆಟ್ಟಿನಲ್ಲಿ ಪದದ ಜೊತೆಗೆ ಮದುವೆ ಮನೆಯೇ ಇತ್ತು. ಬಳೆ ಸದ್ದು, ಮಗುವಿನ ಅಳು, ದೂರದಲ್ಲಿ ಯಾರೋ ‘ಎಲೆ ತತ್ತರ್ಲಾ, ಪಂಕ್ತಿ ಕೂತೈತೆ’ ಎಂದು ಕೂಗುವುದು. ಒಂದು ಕಡೆ ಇದ್ದಕ್ಕಿದ್ದಂತೆ ನಾಯಿ ಬೊಗಳುತ್ತಿತ್ತು. ಆ ನಾಯಿ ಬೊಗಳಿದಾಗಲೆಲ್ಲ ನನಗೆ ರೋಗಿಯ ಎದೆಬಡಿತ ತಪ್ಪಿಹೋಗಿ ಜೀವ ಬಾಯಿಗೆ ಬರುತ್ತಿತ್ತು. ಡಾಕ್ಟರಿಗೋ, ಅದೆಲ್ಲ ಬೇಕು. ಅವ್ವ ಒಂದು ಸಾಲು ಹೇಳುವಾಗ ಸೂಜಿ ಒಳಗೆ ಹೋಗುತ್ತಿತ್ತು, ಉಳಿದ ಹೆಂಗಸರು ‘ಸೋಬಾನೆ’ ಎಂದು ಸೊಲ್ಲು ಎತ್ತುವಾಗ ಗಂಟು ಬೀಳುತ್ತಿತ್ತು. ಸಾಲು, ಸೊಲ್ಲು, ಸೂಜಿ, ಗಂಟು. ಅವರ ಕೈಯ ವೇಗ ಆ ಪದದ ವೇಗ. ಸಂಗೀತ ಕೇಳುತ್ತ ಕೊಯ್ದರೆ ಸರ್ಜನ್ನರ ಕೈ ಚೆನ್ನಾಗಿ ಓಡುತ್ತದೆಯೇ ಎಂದು ಈಗೀಗ ದೊಡ್ಡ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡುವವರಿದ್ದಾರಂತೆ. ಓಡುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ತಲೆದೆಸೆಯಲ್ಲಿ ಕೂತವರ ಪಾಡೇನು ಎಂದು ಕೂಡ ಅವರು ಒಮ್ಮೆ ಕೇಳಬೇಕು.

ಒಂದು ದಿನ ನನ್ನ ತಾಳ್ಮೆ ತಪ್ಪಿತು. ನಾಯಿ ಬೊಗಳಿತು, ನಾನು ಬೆಚ್ಚಿದೆ, ಡಾಕ್ಟರು ಮಾಸ್ಕಿನೊಳಗೇ ನಕ್ಕರು. ನನಗೆ ರೇಗಿತು. ‘ಅಲ್ಲ ಡಾಕ್ಟ್ರೇ, ಒಳಗೆ ಬರೋ ಬಟ್ಟೆ ಚೂರನ್ನೂ ಆವಿಯಲ್ಲಿ ಬೇಯಿಸಿ ತರಿಸ್ತೀರ. ಈ ಧೂಳು ಹಿಡಿದ ಕ್ಯಾಸೆಟ್ಟಿಗೆ ಮಾತ್ರ ಏನು ಮಾಫಿ? ಅದನ್ನೂ ಡ್ರಮ್ಮಿಗೆ ಹಾಕಿ ಬೇಯಿಸೋಕೆ ಹೇಳಿ!’ ಎಂದೆ. ಎಲ್ಲರೂ ನಕ್ಕರು. ನರ್ಸ್ ಲಲಿತಾ ನಕ್ಕಳು, ಡಾಕ್ಟರೂ ನಕ್ಕರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಆಯಾ ದೇವೀರಮ್ಮ ಮಾತ್ರ ನಗಲಿಲ್ಲ. ವಯಸ್ಸಾದ ಹೆಂಗಸು. ಥಿಯೇಟರಿನ ಮಡಿ ಏನು, ಮೈಲಿಗೆ ಏನು ಎಂಬುದನ್ನು ಆಗಷ್ಟೇ ಕಲಿಯುತ್ತಿದ್ದಳು. ಯಾರು ಏನು ಹೇಳಿದರೂ ತಲೆಯಾಡಿಸಿ ಮನಸ್ಸಿಗೆ ಹಾಕಿಕೊಳ್ಳುತ್ತಿದ್ದಳು.

ಮುಂದಿನ ವಾರ ನಾನು ಹೋದಾಗ ಥಿಯೇಟರಿನಲ್ಲಿ ಎಲ್ಲರೂ ಮೇಜಿನ ಸುತ್ತ ನಿಂತಿದ್ದರು. ಮೇಜಿನ ಮೇಲೆ ಬಟ್ಟೆ ಬೇಯಿಸುವ ಡ್ರಮ್ಮು ತೆರೆದಿತ್ತು. ದೇವೀರಮ್ಮ, ಗೌಡರ ಅವ್ವನ ದನಿ ಎಂಬ ಗೌರವಕ್ಕೆ, ಕ್ಯಾಸೆಟ್ಟನ್ನು ಒಗೆದ ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ, ಬಟ್ಟೆಗಳ ನಡುವೆ ಜೋಪಾನವಾಗಿ ಇಟ್ಟು, ಎಲ್ಲದರ ಜೊತೆ ಬೇಯಿಸಿಬಿಟ್ಟಿದ್ದಳು. ಅದು ಬಾಡಿದ ವೀಳ್ಯದೆಲೆಯ ಹಾಗೆ ಸುರುಟಿಕೊಂಡಿತ್ತು. ಒಳಗಿನ ರೀಲು ಅಂಟಿ ಒಂದೇ ಮುದ್ದೆಯಾಗಿತ್ತು.

‘ಮೇಡಮ್ಮೋರೇ ಯೇಳಿದ್ರಲ್ಲ, ಡ್ರಮ್ಮಿಗಾಕಿ ಅಂತವ,’ ಎಂದಳು ದೇವೀರಮ್ಮ.

ಎಲ್ಲರೂ ನನ್ನ ಕಡೆ ನೋಡಿದರು. ಡಾಕ್ಟರು ಮಾತ್ರ ನೋಡಲಿಲ್ಲ. ಅವರು ಆ ಮುದ್ದೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ಇನ್ನೂ ಬಿಸಿಯಿತ್ತು ಅಂತ ಕಾಣುತ್ತದೆ, ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ‘ಬುಡವ್ವ, ನೀನೇನ್ ಮಾಡೀಯೆ’ ಎಂದು ದೇವೀರಮ್ಮನಿಗೆ ಹೇಳಿ ಹೊರಗೆ ಹೋದರು. ನನಗೆ ಒಂದು ಮಾತು ಅಂದಿದ್ದರೆ ನಾನೂ ಎರಡು ಮಾತು ಹೇಳಿ ಹಗುರಾಗಬಹುದಿತ್ತು. ಸತ್ತ ತಾಯಿಯ ದನಿಯನ್ನು ತಮಾಷೆ ಮಾಡಿ ಬೇಯಿಸಿಬಿಟ್ಟವಳು ಎಂಬ ಭಾರವನ್ನು ಹೊತ್ತುಕೊಂಡು ಅವತ್ತು ಬಸ್ಸಿನಲ್ಲಿ ಊರಿಗೆ ಬಂದೆ. ಪಾಂಡವಪುರದವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಆಮೇಲೆ ಅವರ ಕೈ ಕೆಟ್ಟಿತು. ಹೀಗೆ ಹೇಳಿದರೆ ಉತ್ಪ್ರೇಕ್ಷೆ ಅನ್ನಿಸಬಹುದು, ಆದರೆ ನೋಡಿದವಳು ನಾನು. ಒಂದು ಸಾದಾ ಹರ್ನಿಯಾಕ್ಕೆ ಎರಡರಷ್ಟು ಹೊತ್ತು. ಹಾಕಿದ ಗಂಟು ಬಿಚ್ಚಿಕೊಳ್ಳುವುದು, ಬಿಚ್ಚಿದ್ದನ್ನು ಮತ್ತೆ ಹಾಕುವುದು. ರೇಡಿಯೋ ಹಾಕಿ ನೋಡಿದರು, ಬೇರೆ ಹೆಂಗಸರ ಪದದ ಕ್ಯಾಸೆಟ್ಟು ತರಿಸಿ ನೋಡಿದರು. ಅರ್ಧಕ್ಕೇ ‘ಆರ್ಸಿ ಅದ’ ಎನ್ನುತ್ತಿದ್ದರು. ಮದುವೆಯಲ್ಲಿ ಯಾರಾದರೂ ಇನ್ನೊಂದು ಪ್ರತಿ ಮಾಡಿಕೊಂಡಿರಬಹುದೇ ಎಂದು ನೆಂಟರ ಮನೆಗಳಿಗೆಲ್ಲ ಹೇಳಿ ಕಳಿಸಿದ್ದರು. ಕೊನೆಗೆ ದೊಡ್ಡ ಕೇಸುಗಳನ್ನು ಮೈಸೂರಿಗೆ ಕಳಿಸತೊಡಗಿದರು. ‘ಗೌಡ್ರು ಕೈ ಬುಟ್ಬುಟ್ರಂತೆ’ ಎಂಬ ಮಾತು ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಿವಿಗೇ ಬಿತ್ತು. ನಾನು ಕೋರಿದ್ದ ನಿಶ್ಶಬ್ದ ನನಗೆ ಪೂರ್ತಿಯಾಗಿ ಸಿಕ್ಕಿತ್ತು. ಎದೆಬಡಿತ ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತೆಂದರೆ, ಅದನ್ನು ಕೇಳಿಸಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ.

ಅವತ್ತು ನಾನು ಒಂದು ಸಣ್ಣ ಆಪರೇಷನ್ನಿಗೆಂದು ಹೋಗಿದ್ದೆ. ಅದು ಮುಗಿದು ಬ್ಯಾಗು ಕಟ್ಟುತ್ತಿರುವಾಗ ಅಕ್ಕಿಹೆಬ್ಬಾಳಿನ ಕಡೆಯಿಂದ ಒಂದು ಟ್ರಾಕ್ಟರು ಬಂದು ನಿಂತಿತು. ಟ್ರೇಲರಿನಲ್ಲಿ ಹುಲ್ಲು ಹಾಸಿ, ಅದರ ಮೇಲೆ ಒಬ್ಬ ಹೆಣ್ಣುಮಗಳನ್ನು ಮಲಗಿಸಿಕೊಂಡು ಬಂದಿದ್ದರು. ಹೆಸರು ಸಾಕಮ್ಮ, ಇಪ್ಪತ್ತೈದು ವರ್ಷವೂ ಇರಲಾರದು. ಗರ್ಭಕೋಶದಲ್ಲಿ ಕೂರಬೇಕಾದ ಭ್ರೂಣ ಪಕ್ಕದ ನಾಳದಲ್ಲಿ ಕೂತು, ನಾಳ ಒಡೆದು, ಹೊಟ್ಟೆಯೊಳಗೆಲ್ಲ ರಕ್ತ ಸುರಿಯುತ್ತಿತ್ತು. ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಹೆರಿಗೆ ಸಿಸೇರಿಯನ್. ಆ ಮಗು, ಎರಡು ವರ್ಷದ ಹುಡುಗಿ, ಅಜ್ಜಿಯ ಸೊಂಟದ ಮೇಲೆ ಕೂತು ತಾಯಿಯನ್ನೇ ನೋಡುತ್ತಿತ್ತು.

‘ಮೈಸೂರ್‌ಗೆ ಕಳಿಸೋಣ ಮೇಡಂ,’ ಎಂದರು ಡಾಕ್ಟರು.

ನಾನು ಸಾಕಮ್ಮನ ಮಣಿಕಟ್ಟು ಹಿಡಿದಿದ್ದೆ. ನಾಡಿ ದಾರದ ಹಾಗೆ ಹರಿಯುತ್ತಿತ್ತು. ‘ಮೈಸೂರು ಮುಟ್ಟಲ್ಲ ಡಾಕ್ಟ್ರೇ. ಶ್ರೀರಂಗಪಟ್ಟಣವೂ ಮುಟ್ಟಲ್ಲ’ ಎಂದೆ. ಅವರು ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಕೈ ತೊಳೆಯಲು ಹೋದರು. ಗಂಡನ ಕಡೆಯವರಿಬ್ಬರನ್ನು ರಕ್ತ ತರಲು ಓಡಿಸಿದೆವು. ಅದು ಬರುವ ಹೊತ್ತಿಗೆ ಎಲ್ಲ ತೀರ್ಮಾನವಾಗಿರುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಮತ್ತು ಕೊಟ್ಟೆ. ಬಿಲ್ಲೆ ಅಂಟಿಸಿ ನಳಿಗೆಯನ್ನು ಎಡಗಿವಿಗೆ ಸಿಕ್ಕಿಸಿಕೊಂಡೆ. ಒಂದು ಕೈ ಅವಳ ದವಡೆಯ ಕೆಳಗೆ, ಇನ್ನೊಂದು ಕೈ ಉಸಿರಿನ ಚೀಲದ ಮೇಲೆ. ಡಾಕ್ಟರು ಹೊಟ್ಟೆ ತೆರೆದ ಕೂಡಲೇ ರಕ್ತ ಉಕ್ಕಿ ಬಂದು ಬಟ್ಟೆ ದಾಟಿ ನೆಲಕ್ಕೆ ಬಿತ್ತು. ಒಳಗೆ ಹಳೆಯ ಆಪರೇಷನ್ನಿನಿಂದ ಕರುಳು, ಗರ್ಭಕೋಶ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಒಡೆದ ನಾಳ ಎಲ್ಲಿದೆ ಎಂದು ಕಾಣುವುದಿಲ್ಲ, ಕೈಯಿಂದಲೇ ತಡಕಬೇಕು. ಅವರ ಕೈ ನಡುಗುತ್ತಿತ್ತು. ಚಿಮಟ ಹಾಕಿದರು, ಜಾರಿತು. ಮತ್ತೆ ಹಾಕಿದರು, ಕರುಳಿಗೇ ಬೀಳುವುದರಲ್ಲಿತ್ತು. ಲಲಿತಾ ‘ಸರ್’ ಎಂದಳು. ಅವರ ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ನನ್ನ ಎಡಗಿವಿಯಲ್ಲಿ ಡಬ್ ಡಬ್ ಎನ್ನುವುದು ದೂರ ದೂರ ಹೋಗತೊಡಗಿತು. ಇವಳು ಸಾಯುತ್ತಾಳೆ, ನನ್ನ ಒಂದು ಕುಹಕದ ಮಾತಿನಿಂದ ಸಾಯುತ್ತಾಳೆ ಎಂದು ಅನ್ನಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಆಗ ಟೇಪ್ ರೆಕಾರ್ಡರಿನಲ್ಲಿ ಪದ ಶುರುವಾಯಿತು.

ನನಗೆ ಅನ್ನಿಸಿದ್ದು ಅಷ್ಟೇ. ಎಲ್ಲೋ ಇನ್ನೊಂದು ಪ್ರತಿ ಸಿಕ್ಕಿದೆ, ಯಾರೋ ಜಾಣತನ ಮಾಡಿ ಸರಿಯಾದ ಹೊತ್ತಿಗೆ ಹಾಕಿದ್ದಾರೆ, ಒಳ್ಳೆಯದಾಯಿತು. ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ಅದು ಬಾಸಿಂಗ ಕಟ್ಟುವ ಪದ. ಹುಡುಗಿಯ ಹಣೆಗೆ ಬಾಸಿಂಗ ಕಟ್ಟುವ ಸೋದರಮಾವನಿಗೆ, ಮೆಲ್ಲಗೆ ಕಟ್ಟಪ್ಪ, ಕೂಸಿನ ಹಣೆ ನೊಂದೀತು ಎಂದು ಹೆಂಗಸರು ಹೇಳುವುದು. ಎಷ್ಟೋ ಸಲ ಕೇಳಿ ಬೇಸತ್ತಿದ್ದ ಪದ ಅವತ್ತು ತಣ್ಣೀರಿನ ಹಾಗೆ ಇಳಿಯಿತು. ಡಾಕ್ಟರು ಒಂದು ಕ್ಷಣ ತಲೆಯೆತ್ತಿ ನನ್ನ ಕಡೆ ನೋಡಿದರು. ಅವರ ಕಣ್ಣು ದೊಡ್ಡದಾಗಿತ್ತು. ನಾನು ‘ನಾಡಿ ಇದೆ, ಮುಂದುವರಿಸಿ’ ಎಂದೆ. ಅವರು ತಲೆ ತಗ್ಗಿಸಿದರು. ಕೈ ನಿಂತಿತು. ನಡುಕ ನಿಂತಿತು ಎಂದು ಹೇಳುತ್ತಿದ್ದೇನೆ. ಸಾಲಿಗೆ ಬೆರಳು ಒಳಗೆ ಹೋಯಿತು, ಸೊಲ್ಲಿಗೆ ಚಿಮಟ ಕಚ್ಚಿತು. ಮತ್ತೆ ಸಾಲು, ಮತ್ತೆ ಸೊಲ್ಲು. ರಕ್ತ ಉಕ್ಕುವುದು ನಿಂತಿತು. ಅವರು ಗಂಟು ಕಟ್ಟುವುದನ್ನು ನಾನು ನೋಡಿದೆ, ಹಳೆಯ ಬೋರೇಗೌಡರ ಗಂಟು. ಸ್ವಲ್ಪ ಹೊತ್ತಿಗೆ ಎಡಗಿವಿಯ ಡಬ್ ಡಬ್ ಹತ್ತಿರ ಬಂತು.

ಹೊಟ್ಟೆ ಮುಚ್ಚಿ ಆಯಿತು. ರಕ್ತದ ಬಾಟಲಿಯೂ ಬಂತು. ಸಾಕಮ್ಮ ಕೆಮ್ಮಿ ಮುಖ ಕಿವುಚಿದಳು. ನಾನು ಮಾಸ್ಕು ಕೆಳಗಿಳಿಸಿ, ಬಹಳ ದಿನಗಳ ನಂತರ ಹಗುರಾದ ಮನಸ್ಸಿನಿಂದ, ‘ಕ್ಯಾಸೆಟ್ಟು ಯಾವಾಗ ಸಿಕ್ಕಿತು? ನನಗೊಂದು ಮಾತು ಹೇಳಬಾರದಾಗಿತ್ತೆ?’ ಎಂದು ಕೇಳಿದೆ.

ನಾನು ಕಿಟಕಿಕಟ್ಟೆಯ ಕಡೆ ತಿರುಗಿದೆ. ಅಲ್ಲಿ ಟೇಪ್ ರೆಕಾರ್ಡರೇ ಇರಲಿಲ್ಲ. ಅದನ್ನು ತೆಗೆದು ಬೀರುವಿನಲ್ಲಿಟ್ಟು ಎಷ್ಟೋ ದಿನವಾಗಿತ್ತು, ನನಗೂ ಗೊತ್ತಿದ್ದ ವಿಷಯವೇ.

‘ಯಾವ್ ಕ್ಯಾಸೆಟ್ಟು ಮೇಡಂ?’ ಎಂದಳು ಲಲಿತಾ ಮೆಲ್ಲಗೆ. ‘ಪದ ಯೇಳಿದ್ದು ನೀವೇ ಅಲ್ವ?’

ಓದುಗರು ನಗಬಹುದು. ನಾನು ಎಂಥವಳು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ದೇವಸ್ಥಾನದ ಕೆಲಸದ ಮನೆತನ. ಅಕ್ಕಂದಿರೆಲ್ಲ ಹಾಡುತ್ತಾರೆ. ನಾನು ಆರತಿ ಹಾಡಿಗೂ ಬಾಯಿ ಬಿಡುವವಳಲ್ಲ, ಏಕೆಂದರೆ ನನಗೆ ಶ್ರುತಿ ಎಂಬುದು ಹತ್ತಿರ ಸುಳಿದಿಲ್ಲ. ನವರಾತ್ರಿಯಲ್ಲಿ ಬೊಂಬೆ ನೋಡಲು ಹೋದರೆ ‘ಒಂದು ಹಾಡು ಹೇಳಿ’ ಎನ್ನುವ ಮೊದಲೇ ಚರುಪಿನ ತಿಂಡಿ ಕಟ್ಟಿಸಿಕೊಂಡು ಎದ್ದು ಬರುತ್ತಿದ್ದೆ. ನಮ್ಮ ಮನೆಯ ಮದುವೆಗಳಲ್ಲಿ ಸೋಬಾನೆ ಪದ ಕೇಳಿಯೂ ಇರಲಿಲ್ಲ. ಇಂಥ ನಾನು, ಮಾಸ್ಕು ಹಾಕಿಕೊಂಡು, ರೋಗಿಯ ತಲೆದೆಸೆಯಲ್ಲಿ ಕೂತು, ಗಟ್ಟಿಯಾಗಿ, ಬಾಸಿಂಗದ ಪದವನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದೆನಂತೆ. ನಡುನಡುವೆ ‘ನಾಡಿ ಇದೆ’ ಎಂದು ಕೂಡ ಹೇಳುತ್ತಿದ್ದೆನಂತೆ. ದೇವೀರಮ್ಮ ಮೂಲೆಯಲ್ಲಿ ನಿಂತು ಸೊಲ್ಲು ಎತ್ತಿದ್ದಳಂತೆ. ಆ ಸೊಲ್ಲು ನನಗೆ ಹತ್ತು ಹೆಂಗಸರ ದನಿಯಾಗಿ ಕೇಳಿಸಿತ್ತು.

ನನ್ನ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ದೇವೀರಮ್ಮ ಬಂದು ಕಾಲು ಮುಟ್ಟಲು ಬಗ್ಗಿದಳು. ನಾನು ‘ಥೂ, ಏಳು’ ಎಂದು ಗದರಿಸಿ ಹೊರಗೆ ಓಡಿದೆ.

ಹಿಂದಿನ ಅಂಗಳದಲ್ಲಿ ಕೈತೊಳೆಯುವ ಕಲ್ಲಿನ ಹತ್ತಿರ ಡಾಕ್ಟರು ಬಂದರು. ಅಳುತ್ತಿದ್ದರು. ಅಷ್ಟು ದೊಡ್ಡ ಆಳು ಅಳುವುದನ್ನು ನೋಡಲು ನನಗೆ ಕಷ್ಟವಾಗಿ ಬೇವಿನ ಮರ ನೋಡುತ್ತ ನಿಂತೆ. ಅವರು ನನ್ನ ಜೊತೆ ಯಾವಾಗಲೂ ಓದಿದವರ ಮಾತಿನಲ್ಲಿ, ಅಳತೆ ಮಾಡಿದ ಹಾಗೆ ಮಾತಾಡುತ್ತಿದ್ದವರು. ಅವತ್ತು ಹಾಗಿರಲಿಲ್ಲ.

‘ತಿಪ್ಪ ಅಂತ ನಿಮ್ಗೆ ಯಾರ್ ಯೇಳುದ್ರು ಮೇಡಂ?’

ಯಾವ ತಿಪ್ಪ ಎಂದೆ. ಆಗ ಅವರು ಹೇಳಿದರು. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಇವರು ಹುಟ್ಟಿದಾಗ ಅವ್ವ ಇವರನ್ನು ತಿಪ್ಪೆಯ ಮೇಲೆ ಉರುಳಿಸಿ, ಬೇರೆಯವರು ಎಸೆದ ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು, ತಿಪ್ಪ ಎಂದು ಕರೆದಿದ್ದಳು. ಸಾವಿಗೆ ಬೇಡವಾಗಲಿ ಎಂದು ಇಡುವ ಹೆಸರು. ಶಾಲೆಗೆ ಸೇರಿಸುವಾಗ ಅಪ್ಪ ಬೋರೇಗೌಡ ಎಂದು ಬರೆಸಿದರು. ಆಮೇಲೆ ಆ ಹೆಸರು ಕರೆದವಳು ಅವ್ವ ಒಬ್ಬಳೇ, ಅದೂ ಯಾರೂ ಇಲ್ಲದಾಗ. ಸೋಬಾನೆಯಲ್ಲಿ ಆಯಾ ಮನೆಯವರ ಹೆಸರು ಸೇರಿಸಿ ಹೇಳುವುದು ಪದ್ಧತಿ. ಕ್ಯಾಸೆಟ್ಟಿನಲ್ಲಿ ಸೋದರಮಾವನ ಹೆಸರಿದ್ದ ಜಾಗದಲ್ಲಿ ನಾನು ಅವತ್ತು ಹೇಳಿದ್ದು, ‘ಮೆಲ್ಲಗೆ ಕಟ್ಟೋ ತಿಪ್ಪ, ಕೂಸಿನ ಒಡಲು ನೊಂದೀತು.’

ಹಣೆ ಎಂದಿದ್ದ ಜಾಗದಲ್ಲಿ ಒಡಲು.

‘ನಾನು ಹಾಗೆ ಹೇಳಿಲ್ಲ’ ಎಂದೆ. ನನಗೆ ಕೇಳಿಸಿದ್ದು ಕ್ಯಾಸೆಟ್ಟಿನಲ್ಲಿದ್ದ ಸಾಲೇ. ಡಾಕ್ಟರು ಲಲಿತಾಳನ್ನು ಕರೆದು ಕೇಳಿದರು. ಅವಳು ತಿಪ್ಪ ಎಂಬುದನ್ನು ಕೇಳಿದ್ದಳು, ಒಡಲು ಎಂಬುದೂ ನಿಜ ಎಂದಳು. ‘ಆದ್ರೆ ದನಿ ನಿಮ್ದೇ ಮೇಡಂ’ ಎಂದಳು. ‘ಅಲ್ಲ ಕನವ್ವ, ಬ್ಯಾರೆ ದನಿ’ ಎಂದು ದೇವೀರಮ್ಮ ಬಾಗಿಲ ಹಿಂದಿನಿಂದಲೇ ಹೇಳಿದಳು. ಆ ವಿಷಯದಲ್ಲಿ ಅವರಿಬ್ಬರೂ ಕೊನೆಯವರೆಗೂ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಲಿಲ್ಲ.

ಅವತ್ತಿನಿಂದ ನಾನು ಎಷ್ಟು ಲೆಕ್ಕಾಚಾರ ಹಾಕಿದ್ದೇನೋ ನನಗೇ ಗೊತ್ತು. ಕೆಲವು ಸಂಗತಿಗಳಿಗೆ ಉತ್ತರ ಸಿಗುತ್ತದೆ. ಒಂದು ಕಿವಿ ಮುಚ್ಚಿದ್ದರೆ ನಮ್ಮ ದನಿಯೇ ನಮಗೆ ಬೇರೆಯವರ ದನಿಯ ಹಾಗೆ ತಲೆಯೊಳಗೆ ಕೇಳುತ್ತದೆ. ನನ್ನ ಎಡಗಿವಿಯಲ್ಲಿ ನಳಿಗೆಯಿತ್ತು. ವರ್ಷಗಟ್ಟಲೆ ಕೇಳಿದ ಪದ ನನಗರಿವಿಲ್ಲದೆ ಬಾಯಿಪಾಠವಾಗಿರಬಹುದು. ಈಥರ್ ವಾಸನೆ ಕುಡಿಯುತ್ತ ಕೂತವರ ತಲೆ ಪೂರ್ತಿ ಸ್ವಸ್ಥವಾಗಿರುತ್ತದೆ ಎಂದು ನಾನೇ ಪ್ರಮಾಣ ಮಾಡಲಾರೆ. ಆದರೆ ತಿಪ್ಪ? ಡಾಕ್ಟರೇ ಯಾವಾಗಲೋ ಹೇಳಿರಬೇಕು ಎಂದರೆ, ತಮ್ಮ ಹೆಂಡತಿಗೂ ಹೇಳಿಲ್ಲ ಎಂದರು. ಇಲ್ಲಿಗೆ ನನ್ನ ವಿಜ್ಞಾನ ನಿಂತುಹೋಗುತ್ತದೆ. ಮನೆಯಲ್ಲಿ ನಮ್ಮವರಿಗೆ ಹೇಳಿದಾಗ ಅವರು, ‘ನೀನು? ಹಾಡು?’ ಎಂದು ನಕ್ಕು ಪೇಪರು ಮಡಿಚಿದರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಸುದ್ದಿ ಹಬ್ಬಿತು, ದೇವೀರಮ್ಮ ಹಬ್ಬಿಸಿದಳು. ಬಸ್ಸಿನಲ್ಲಿ ಹೆಂಗಸರು ನನಗೆ ಸೀಟು ಬಿಡತೊಡಗಿದರು. ‘ಪದ ಯೇಳೋ ಡಾಕ್ಟ್ರಮ್ಮ ಇವ್ರೇಯ’ ಎಂದು ಪಿಸುಗುಟ್ಟುವುದು ಕೇಳುತ್ತಿತ್ತು. ಸಾಕಮ್ಮ ಗುಣವಾಗಿ ಮಗಳ ಜೊತೆ ಬಂದವಳು ಒಂದು ಚಿಪ್ಪು ಬಾಳೆಹಣ್ಣು, ಹೂವು, ಕುಂಕುಮ ತಂದಿದ್ದಳು. ಡಾಕ್ಟರಿಗೆ ಬಾಳೆಹಣ್ಣು, ನನಗೆ ಹೂವು ಕುಂಕುಮ. ದೇವಿಗೆ ಇಡುವ ಹಾಗೆ ನನ್ನ ಮುಂದೆ ಇಟ್ಟಳು. ನಾಗಮಂಗಲದ ಆ ಹೆಂಗಸು, ‘ಅಮ್ಮ ಬಂದಿವ್ನಿ’ ಎಂದಿದ್ದವಳು, ಆಗ ಕಣ್ಣ ಮುಂದೆ ಬಂದಳು. ಅವಳ ಕೈ ಹಿಡಿಸಿ ಸೂಜಿ ಚುಚ್ಚಿದ್ದೆನಲ್ಲ. ನನಗೆ ಯಾರು ಚುಚ್ಚಬೇಕು?

ಆದರೆ ಇದೆಲ್ಲಕ್ಕಿಂತ ಹೆಚ್ಚಿನ ನಾಚಿಕೆ ಆಮೇಲೆ ಕಾದಿತ್ತು.

ಒಂದು ಭಾನುವಾರ ಬೆಳಿಗ್ಗೆ ಡಾಕ್ಟರ ತಂಗಿ ಜಯಮ್ಮ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಳು. ಯಾರ ಮದುವೆಯ ಪದವೋ ಅದೇ ಜಯಮ್ಮ. ಕೈಯಲ್ಲಿ ಅಣ್ಣನ ಟೇಪ್ ರೆಕಾರ್ಡರು, ಚೀಲದಲ್ಲಿ ಒಂದು ಹೊಸ ಖಾಲಿ ಕ್ಯಾಸೆಟ್ಟು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ನಡುಮನೆಯ ಚಾಪೆಯ ಮೇಲೆ ಕೂತು, ಕ್ಯಾಸೆಟ್ಟಿನ ಕಾಗದ ಬಿಚ್ಚಿ, ಒಳಗೆ ಹಾಕಿ, ಸೆರಗನ್ನು ತಲೆಯ ಮೇಲೆ ಹೊದ್ದು, ನನ್ನ ಮುಖ ನೋಡಿದಳು.

‘ನಮ್ಮವ್ವ ಒಂದ್ ಕಿತ ಬಂದವ್ಳೆ. ಇನ್ನೊಂದ್ ಕಿತ ಬರ್ತಾಳೆ. ನೀವು ಕರೀರಿ. ನಾನು ಮಾತಾಡಕಿಲ್ಲ, ಸುಮ್ಕೆ ಕೂತಿರ್ತೀನಿ’ ಎಂದಳು.

ನಾನು ಆಗಲೇ ಆಗುವುದಿಲ್ಲ ಎನ್ನಬೇಕಿತ್ತು. ಅವಳ ಮದುವೆಯ ದಿನದ ದನಿಯನ್ನು ಬೇಯಿಸಿದ ಬಾಯಿ ನನ್ನದು. ಆ ಬಾಯಿಂದ ಇಲ್ಲ ಎನ್ನುವುದು ಹೇಗೆ? ತಲೆಯಾಡಿಸಿದೆ. ಅವಳು ಕೆಂಪು ಗುಂಡಿ ಒತ್ತಿದಳು. ರೀಲು ತಿರುಗತೊಡಗಿತು.

ಬಾಸಿಂಗದ ಪದದ ಮೊದಲ ಸಾಲನ್ನು ನೆನೆಯಲು ಪ್ರಯತ್ನಿಸಿದೆ. ಬರಲಿಲ್ಲ. ಮಾತೇ ಮರೆತುಹೋಗಿತ್ತು. ಕಣ್ಣು ಮುಚ್ಚಿದೆ. ಎಡಗಿವಿಗೆ ಬೆರಳಿಟ್ಟುಕೊಂಡೆ, ಅದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ದೇವರನ್ನು ಮೈಮೇಲೆ ಬರಿಸಿಕೊಳ್ಳಲು ಹೊರಟ ಎಂ.ಬಿ.ಬಿ.ಎಸ್. ಡಾಕ್ಟರು. ಒಂದು ಸಲ ಬಾಯಿ ತೆರೆದೆ, ಕೆಮ್ಮು ಬಂತು. ಫ್ಯಾನು ತಿರುಗುತ್ತಿತ್ತು. ಜಯಮ್ಮನ ಕಣ್ಣು ನನ್ನ ತುಟಿಯ ಮೇಲೆಯೇ ಇತ್ತು. ಅವಳು ಕೈ ಕೂಡ ಅಲ್ಲಾಡಿಸಲಿಲ್ಲ, ಬಳೆ ಸದ್ದಾದರೆ ಅವ್ವ ಬೆಚ್ಚಿಯಾಳು ಎಂಬ ಹಾಗೆ. ಹಾಗೇ ಕೂತೆವು. ರೀಲು ಪೂರ್ತಿ ಮುಗಿಯುತ್ತ ಬಂದಾಗ ಅವಳು ನಿಟ್ಟುಸಿರು ಬಿಟ್ಟು, ‘ಇರ್ಲಿ ಬುಡವ್ವ’ ಎಂದಳು. ಅಷ್ಟರಲ್ಲಿ ಗುಂಡಿ ಟಕ್ಕೆಂದು ತಾನಾಗಿ ಮೇಲೆದ್ದಿತು.

ಅವಳು ಅವ್ವ ಎಂದದ್ದು ನನಗೋ, ಬಾರದೇ ಹೋದವಳಿಗೋ, ನಾನು ಕೇಳಲಿಲ್ಲ. ಆ ಕ್ಯಾಸೆಟ್ಟನ್ನು ಇಲ್ಲೇ ಬಿಟ್ಟು ಹೋಗು ಎಂದು ಹೇಳಬೇಕೆನ್ನಿಸಿತು, ಅದೂ ಹೇಳಲಿಲ್ಲ. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು.

ಮುಂದಿನ ಸಲ ಕೆ.ಆರ್. ಪೇಟೆಗೆ ಹೋದಾಗ ಕಿಟಕಿಕಟ್ಟೆಯ ಮೇಲೆ ಟೇಪ್ ರೆಕಾರ್ಡರು ಮತ್ತೆ ಬಂದಿತ್ತು. ಡಾಕ್ಟರು ಕೈ ತೊಳೆದು ಬಂದು ದೇವೀರಮ್ಮನ ಕಡೆ ತಲೆಯಾಡಿಸಿದರು. ಅವಳು ಗುಂಡಿ ಒತ್ತಿದಳು. ಪದವಿಲ್ಲ, ನಾಯಿಯಿಲ್ಲ, ಎಲೆ ತತ್ತಾ ಎನ್ನುವವರಿಲ್ಲ. ನಮ್ಮ ನಡುಮನೆಯ ಫ್ಯಾನಿನ ಸದ್ದು. ಸ್ವಲ್ಪ ಹೊತ್ತಿಗೆ ನನ್ನ ಕೆಮ್ಮು. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಆದರೆ ರೋಗಿಯ ದವಡೆ ನನ್ನ ಕೈಯಲ್ಲಿತ್ತು, ಎಲ್ಲಿಗೆ ಓಡುವುದು? ಡಾಕ್ಟರ ಕೈ ಕೆಲಸ ಶುರುಮಾಡಿತು. ಸೂಜಿ, ಗಂಟು. ಸೂಜಿ, ಗಂಟು. ಅದೇ ಹಳೆಯ ವೇಗ. ಒಂದು ಗಂಟೂ ಬಿಚ್ಚಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅವರು ಎಷ್ಟೋ ದೊಡ್ಡ ಆಪರೇಷನ್ನುಗಳನ್ನು ಆ ಕ್ಯಾಸೆಟ್ಟು ಹಾಕಿಕೊಂಡೇ ಮಾಡಿದರು. ನಾನು ಬಲಗಿವಿಯಲ್ಲಿ ನನ್ನದೇ ಸೋಲನ್ನು ಕೇಳುತ್ತ, ಎಡಗಿವಿಯಲ್ಲಿ ಯಾರದೋ ಎದೆಯನ್ನು ಕೇಳುತ್ತ ಕೂತಿರುತ್ತಿದ್ದೆ. ಅದನ್ನು ಆರಿಸಿ ಎಂದು ನಾನು ಯಾವತ್ತೂ ಹೇಳಲಿಲ್ಲ. ಕೆಮ್ಮು ಆಗಿ ಸ್ವಲ್ಪ ಹೊತ್ತಿಗೆ ಒಂದು ಕಡೆ ಡಾಕ್ಟರು ತಪ್ಪದೆ ಕೈ ನಿಧಾನ ಮಾಡಿ, ಕರೆದವರಿಗೆ ಓಗೊಡುವ ಹಾಗೆ ತಲೆಯಾಡಿಸುತ್ತಿದ್ದರು. ಪ್ರತಿ ಸಲವೂ ಅದೇ ಜಾಗದಲ್ಲಿ. ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಅಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. ‘ಡಾಕ್ಟ್ರೇ, ನಿಮಗೆ ಇದರಲ್ಲಿ ಏನು ಕೇಳಿಸುತ್ತೆ?’

ಅವರು ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ನಿಜವಾದ ಗಾಬರಿಯಿತ್ತು.

‘ಯಾಕ್ ಮೇಡಂ, ನಿಮ್ಗೆ ಕೇಳುಸ್ತಾ ಇಲ್ವ?’

ಆ ಕೈ ಮತ್ತೆ ನಡುಗಿದರೆ ಎಂದು ನನಗೆ ಭಯವಾಯಿತು. ಮೇಜಿನ ಮೇಲೆ ಒಬ್ಬ ಮನುಷ್ಯ ಮಲಗಿದ್ದ.

‘ಕೇಳಿಸುತ್ತೆ’ ಎಂದೆ. ಅವರು ಸಮಾಧಾನದಿಂದ ತಲೆ ತಗ್ಗಿಸಿ ಗಂಟು ಹಾಕಿದರು.